ದೂರಿನ ಕಿಂಡಿಗೆ ಪರದೆ, ಮೋಡಕ್ಕೆ ಬಿಡುಗಡೆ

ಮಾನ್ಯ ಆಯುಕ್ತರೇ,

ತಾವು ಪರದೆ ಹಾಕಿಸಿದ್ದು ತಪ್ಪು ಜಾಗಕ್ಕೆ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ತಮ್ಮ ಕಚೇರಿಗೆ ಬರುವ ಕಾಗದಗಳ ಎರಡನೆಯ ಸಾಲನ್ನು ಯಾರೂ ಓದುವುದಿಲ್ಲ ಎಂಬುದು ಈ ಊರಿನಲ್ಲಿ ತೆರಿಗೆ ಕಟ್ಟುವ ಎಲ್ಲರಿಗೂ ಗೊತ್ತು. ನಗರಸಭೆಯ ದೊಡ್ಡ ಹಜಾರದ ಗೋಡೆಯ ಮೇಲಿರುವ ದೋಣಿಯ ಚಿತ್ರವನ್ನು ಮುಚ್ಚಲೆಂದು, ತಾವೇ ಅಧ್ಯಕ್ಷರಾಗಿರುವ ಸಮಿತಿ ಒಂದು ಹಸಿರು ಪರದೆಯನ್ನು ಇಳಿಬಿಟ್ಟಿದೆ. ಆ ಪರದೆ ಚಿತ್ರವನ್ನು ಪೂರ್ತಿ ಮುಚ್ಚಿಲ್ಲ. ಚಿತ್ರದ ಕೆಳಗಿರುವ ದೂರು ಸ್ವೀಕಾರದ ಕಿಂಡಿಯನ್ನು ಮಾತ್ರ ನೆಲ ಮುಟ್ಟುವವರೆಗೆ, ಒಂದು ಬೆರಳಗಲವೂ ಬಿಡದೆ, ಬಲು ಅಚ್ಚುಕಟ್ಟಾಗಿ ಮುಚ್ಚಿದೆ. ಆ ಚಿತ್ರ ಬರೆದ ಹಿರಿಯ ಕಲಾವಿದರ ಮೇಲೆ ಮೂವರು ಹೆಂಗಸರು ಕೊಟ್ಟ ದೂರು ಇರುವುದು ಅದೇ ಕಿಂಡಿಯ ಒಳಗೆ. ಆ ಮೂವರಲ್ಲಿ ಒಬ್ಬಳು ನನ್ನ ಅಕ್ಕ. ಈಗ ಹೇಳಿ ಸ್ವಾಮಿ, ತಾವು ಮುಚ್ಚಿದ್ದು ಏನನ್ನು?

ಇದರ ಹಿಂದೆ ದೊಡ್ಡ ಪಿತೂರಿ ಇದೆಯೆಂದು ನಾನು ಹೇಳುವುದಿಲ್ಲ. ಪಿತೂರಿ ಮಾಡಬೇಕಾದರೆ ಒಂದಿಷ್ಟು ಮುಂದಾಲೋಚನೆ ಬೇಕು. ಅಂಥ ಆರೋಪವನ್ನು ತಮ್ಮ ಕಚೇರಿಯ ಮೇಲೆ ಹೊರಿಸುವಷ್ಟು ಕೃತಘ್ನ ನಾನಲ್ಲ. ಪರದೆ ತೂಗುಹಾಕಿದ ಮೇಸ್ತ್ರಿಯನ್ನೇ ಕೇಳಿದೆ. ಆತ ಬಹಳ ಸಹಜವಾಗಿ ಹೇಳಿದ: "ನಮ್ಮ ಆಫೀಸಿನ ಏಣಿ ಇಷ್ಟೇ ಸ್ವಾಮಿ ಎಟುಕೋದು. ಏಣಿ ಎಲ್ಲಿಗೆ ಮುಗೀತೋ ಅಲ್ಲಿಗೆ ಮೊಳೆ ಹೊಡೆದೆ."

"ಮೇಲೆ ಇನ್ನೂ ಚಿತ್ರ ಕಾಣ್ತಿದೆಯಲ್ಲಪ್ಪಾ?"

"ಕಾಣ್ಲಿ ಬಿಡಿ. ಏಣಿಗಿಂತ ಮೇಲಿರೋದು ನಮ್ಮ ವಿಭಾಗಕ್ಕೆ ಬರಲ್ಲ."

"ಸರಿ, ಕೆಳಗೆ ಕಿಂಡಿ ಮುಚ್ಚಿಹೋಯ್ತಲ್ಲ?"

"ಬಟ್ಟೆ ಉದ್ದ ಆಯ್ತು. ಇಳಿಬಿಡೋಕೆ ಆದೇಶ ಇತ್ತು, ಇಳಿಬಿಟ್ಟೆ. ಕತ್ತರಿಸೋಕೆ ಇರಲಿಲ್ಲ."

ಈ ಮಾತಿಗೆ ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು ನಕ್ಕೆ. ತಮ್ಮ ಕಚೇರಿಯ ಕಾರ್ಯವೈಖರಿಯನ್ನು ನಾನು ಎಷ್ಟೋ ವರ್ಷಗಳಿಂದ ಪತ್ರಿಕೆಯ ಅಂಕಣದಲ್ಲಿ ಬಣ್ಣಿಸುತ್ತ ಬಂದಿದ್ದೇನೆ. ಈ ಪುಣ್ಯಾತ್ಮ ಮೂರೇ ವಾಕ್ಯದಲ್ಲಿ ನನ್ನ ಹೊಟ್ಟೆಪಾಡಿಗೇ ಕಲ್ಲು ಹಾಕಿಬಿಟ್ಟ.

ನಗುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಇದು ಅಕ್ಕನ ಅಪ್ಪಣೆ. ತಮಗೆ ಬಹಿರಂಗ ಪತ್ರ ಬರೆಯಲೇ ಎಂದು ಅನುಮತಿ ಕೇಳಿದಾಗ ಅವಳು ಕುಂಚ ತೊಳೆಯುತ್ತಿದ್ದಳು. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವಳ ಕಸುಬು. ಈ ಊರಿನ ಅರ್ಧಕ್ಕರ್ಧ ಬೇಕರಿ, ಹೊಲಿಗೆ ಅಂಗಡಿ, ಹಲ್ಲಿನ ಆಸ್ಪತ್ರೆಗಳ ಹೆಸರು ಅವಳ ಕೈಯಲ್ಲೇ ಅರಳಿದ್ದು. "ಬರಿ. ಆದರೆ ಅಳೋ ಹಾಗೆ ಬರೆದೆಯೋ, ಹರಿದು ಒಲೆಗೆ ಹಾಕ್ತೀನಿ. ನಗೋ ಹಾಗೆ ಬರಿ. ಅಳೋ ಕಾಗದ ನಾನಾಗಲೇ ಕೊಟ್ಟಾಗಿದೆ, ಅದನ್ನ ಯಾರೂ ಓದಿಲ್ಲ," ಎಂದಳು. ಹೀಗಾಗಿ ಈ ಪತ್ರದಲ್ಲಿ ತಮಗೆ ಎಲ್ಲಿಯಾದರೂ ನಗು ಬಂದರೆ ಧಾರಾಳವಾಗಿ ನಗಬಹುದು. ಮನೆಯವರ ಅಭ್ಯಂತರವಿಲ್ಲ.

ಮೊದಲು ಚಿತ್ರದ ವಿಷಯ. ಅದನ್ನು ತಾವು ನೋಡಿದ್ದೀರೋ ಇಲ್ಲವೋ ತಿಳಿಯದು. ತಮ್ಮ ಕೋಣೆಗೆ ಹಿಂಬದಿಯಿಂದ ಬೇರೆ ಬಾಗಿಲಿದೆ. ಆದ್ದರಿಂದ ಅದರಲ್ಲಿ ಇರುವುದನ್ನು ಹೇಳುತ್ತೇನೆ: ಅಗಲವಾದ ಹೊಳೆ. ಮುಳುಗುವುದೊಂದು ಬಾಕಿ ಎನ್ನುವಷ್ಟು ಜನ ತುಂಬಿದ ಒಂದು ದೋಣಿ. ಒಬ್ಬ ಆಕಳಿಸುತ್ತಿದ್ದಾನೆ, ಗಂಟಲಿನ ಕಿರುನಾಲಗೆ ಕಾಣುವಂತೆ. ಒಬ್ಬ ಮುದುಕಿ ಬೆರಳು ಚಾಚಿ ತಲೆ ಎಣಿಸುತ್ತಿದ್ದಾಳೆ, ಲೆಕ್ಕ ತಪ್ಪಿದೆಯೆಂದು ಅವಳ ಹುಬ್ಬೇ ಹೇಳುತ್ತದೆ. ಒಬ್ಬ ಕ್ಷೌರಿಕ ನಡುನೀರಿನಲ್ಲಿ ಗಿರಾಕಿಯ ಗಲ್ಲಕ್ಕೆ ಕತ್ತಿ ಇಟ್ಟಿದ್ದಾನೆ. ಗಿರಾಕಿಯ ಕಣ್ಣು ಅಲೆಯ ಮೇಲಿದೆ, ಪ್ರಾಣ ಕತ್ತಿಯ ಮೇಲಿದೆ. ಒಂದು ಮೇಕೆ ದಪ್ಪ ಆಸಾಮಿಯೊಬ್ಬನ ಶಾಲನ್ನು ತುದಿಯಿಂದ ತಿನ್ನುತ್ತಿದೆ, ಅದು ಗೊತ್ತಿರುವುದು ಪಕ್ಕದ ಬಾತುಕೋಳಿಗೆ ಮಾತ್ರ. ಆ ಬಾತುಕೋಳಿಯ ಮುಖದಲ್ಲಿರುವ ಗಾಂಭೀರ್ಯವನ್ನು ನಾನು ಬೇರೆ ಯಾವ ಜೀವಿಯಲ್ಲೂ, ತಮ್ಮ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರೊಬ್ಬರನ್ನು ಬಿಟ್ಟರೆ, ಕಂಡಿಲ್ಲ.

ನಾನು ಆ ಚಿತ್ರವನ್ನು ಪ್ರೀತಿಸುತ್ತೇನೆ, ಸ್ವಾಮಿ. ಇದೇ ನನ್ನ ತಲೆನೋವು. ಮಗಳ ಜನನ ಪ್ರಮಾಣಪತ್ರದಲ್ಲಿ ಅವಳನ್ನು ಗಂಡೆಂದು ನಮೂದಿಸಿದಾಗ, ಅದನ್ನು ತಿದ್ದಿಸಲು ನಾನು ಅಲೆದ ಅಲೆದಾಟದಲ್ಲಿ ನನ್ನನ್ನು ಹುಚ್ಚು ಹಿಡಿಯದಂತೆ ಕಾಪಾಡಿದ್ದು ಆ ಬಾತುಕೋಳಿ. ಸಾಲಿನಲ್ಲಿ ನಿಂತವರೆಲ್ಲ ದೋಣಿಯಲ್ಲಿ ತಮ್ಮ ತಮ್ಮ ಅಧಿಕಾರಿಗಳನ್ನು ಗುರುತಿಸುವ ಆಟ ಆಡುತ್ತಿದ್ದೆವು. "ಆಕಳಿಸೋನು ನೀರಿನ ವಿಭಾಗ." "ಅಲ್ಲ ಅಲ್ಲ, ನೀರಿನ ವಿಭಾಗ ಆ ಮೇಕೆ." ಸರ್ಕಾರಿ ಕಚೇರಿಯ ಗೋಡೆಯೊಂದು ಜನರನ್ನು ನಗಿಸುತ್ತದೆ ಎಂದರೆ ಸಣ್ಣ ಮಾತೇ? ಅಕ್ಕನ ಗಂಡ, ನಮ್ಮ ಭಾವ, ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಅವರ ಅಂಗಡಿಯಲ್ಲಿ ಈ ಚಿತ್ರದ ದೊಡ್ಡ ಅಚ್ಚು ಪ್ರತಿಯೊಂದು ನೇತಾಡುತ್ತಿತ್ತು. ಹೊಸ ಕನ್ನಡಕ ಏರಿಸಿದ ಗಿರಾಕಿಗೆ ಅವರು ಅಕ್ಷರದ ಪಟ್ಟಿ ತೋರಿಸುತ್ತಿರಲಿಲ್ಲ. "ಮೇಕೆ ಬಾಯಲ್ಲಿ ಏನಿದೆ ಹೇಳಿ," ಎನ್ನುತ್ತಿದ್ದರು. ಶಾಲು ಎಂದವನಿಗೆ ಕನ್ನಡಕ ಸರಿಯಾಗಿದೆ. ಹುಲ್ಲು ಎಂದವನು ಮತ್ತೆ ಕುರ್ಚಿಗೆ.

ಆಮೇಲೆ ಆದದ್ದು ಊರಿಗೆಲ್ಲ ಗೊತ್ತು. ಕಲಾವಿದರಿಗೆ ನಗರಸಭೆ ಸನ್ಮಾನ ಏರ್ಪಡಿಸಿತು. ಸಭೆಯ ನಡುವೆ ಒಬ್ಬ ಹೆಂಗಸು ಎದ್ದು ನಿಂತು, "ಈ ಗೋಡೆ ಬರೆಯುವಾಗ ನಾನು ಇವರ ಸಹಾಯಕಿಯಾಗಿದ್ದೆ. ಹಾರ ಹಾಕುವ ಮೊದಲು ನನ್ನ ಮಾತು ಕೇಳಿ," ಎಂದಳು. ಧ್ವನಿವರ್ಧಕ ಕೂಡಲೇ ಕೆಟ್ಟುಹೋಯಿತು. ಇಂಥ ಸಮಯಗಳಲ್ಲಿ ಅದು ಕೆಡುವುದರಲ್ಲಿ ಎತ್ತಿದ ಕೈ. ಆದರೆ ಅವಳ ಗಂಟಲು ಕೆಡಲಿಲ್ಲ. ಮರುವಾರ ಇನ್ನೊಬ್ಬಳು ದೂರು ಕೊಟ್ಟಳು. ಅದರ ಮರುದಿನ ಅಕ್ಕ ಭಾವನನ್ನು ಕೂರಿಸಿಕೊಂಡು, ನನ್ನನ್ನೂ ಕರೆಸಿಕೊಂಡು, ಇಷ್ಟು ಕಾಲ ಹೇಳದಿದ್ದದ್ದನ್ನು ಹೇಳಿ, ಮೂರನೆಯ ದೂರು ಬರೆದಳು. ಆ ಮೂವರು ಸಹಾಯಕಿಯರನ್ನು ಕೆಲಸಕ್ಕೆ ತೆಗೆದುಕೊಂಡಿದ್ದು ನಗರಸಭೆ, ಸಂಬಳ ಕೊಟ್ಟಿದ್ದು ನಗರಸಭೆ, ಆದ್ದರಿಂದ ದೂರು ಕೇಳಬೇಕಾದದ್ದೂ ನಗರಸಭೆಯೇ. ಇಷ್ಟು ತಮಗೂ ಒಪ್ಪಿಗೆಯಿದೆ. ಸಮಿತಿ ಮಾಡಿದ್ದೀರಲ್ಲ!

ಸಮಿತಿ ಕೂತಿತು. ಎದ್ದಿತು. ಮತ್ತೆ ಕೂತಿತು. ಪತ್ರಿಕೆಯವನಾದ ತಪ್ಪಿಗೆ ಅದರ ನಡಾವಳಿಯನ್ನು ಓದುವ ಭಾಗ್ಯ ನನ್ನದಾಯಿತು. ಒಂದು ಸಭೆಯಲ್ಲಿ ಪರದೆ ಹಾಕುವುದೆಂದು ತೀರ್ಮಾನ. ಮುಂದಿನ ಸಭೆಯಲ್ಲಿ ಬಣ್ಣದ ಚರ್ಚೆ: ಕಂದು ಬಣ್ಣ ಕೊಳೆ ತೋರಿಸುವುದಿಲ್ಲ ಎಂದು ಒಬ್ಬ ಸದಸ್ಯರು, ಹಸಿರು ಕಣ್ಣಿಗೆ ತಂಪೆಂದು ಇನ್ನೊಬ್ಬರು, ನೀಲಿಯಾದರೆ ‘ಹೊಳೆಯ ಆಶಯಕ್ಕೆ ಪೂರಕ’ ಎಂದು ಮಗದೊಬ್ಬ ಕವಿಹೃದಯಿ. ಅದರ ಮುಂದಿನ ಸಭೆಯಲ್ಲಿ ಪರದೆಯ ಮೇಲಿನ ಸೂಚನಾ ಫಲಕದ ಒಕ್ಕಣೆ. ಮೂರು ಸಭೆಗಳಲ್ಲಿ ಒಮ್ಮೆಯೂ ಆ ಮೂವರನ್ನು ಕರೆಯಲಿಲ್ಲ. ಕಲಾವಿದರನ್ನೂ ಕರೆಯಲಿಲ್ಲ. ಅವರು ತಪ್ಪು ಮಾಡಿಲ್ಲ ಎನ್ನುವುದಾದರೆ ಈ ಪರದೆ ಅವರಿಗೆ ಅನ್ಯಾಯ; ಮಾಡಿದ್ದಾರೆ ಎನ್ನುವುದಾದರೆ ನಮ್ಮಕ್ಕನಿಗೆ ಅನ್ಯಾಯ. ಎರಡೂ ಪಕ್ಷಕ್ಕೆ ಒಂದೇ ಅಳತೆಯಲ್ಲಿ ಅನ್ಯಾಯ ಹೊಲಿದು ಕೊಡುವ ಬಟ್ಟೆ ತಮಗೆ ಯಾವ ಅಂಗಡಿಯಲ್ಲಿ ಸಿಕ್ಕಿತು?

ಇನ್ನು ಆ ಸೂಚನಾ ಫಲಕ! ‘ಆಕ್ಷೇಪಣೆಗಳ ಹಿನ್ನೆಲೆಯಲ್ಲಿ ಈ ಚಿತ್ರವನ್ನು ತಾತ್ಕಾಲಿಕವಾಗಿ ಮುಚ್ಚಲಾಗಿದೆ. ನೋಡಲೇಬೇಕೆನ್ನುವವರು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಪರದೆ ಸರಿಸಿ ನೋಡತಕ್ಕದ್ದು. ನೋಡಿದ ನಂತರ ಮೊದಲಿನಂತೆ ಮುಚ್ಚತಕ್ಕದ್ದು.’ ಇದನ್ನು ಬರೆದವರಿಗೆ ನನ್ನ ದೀರ್ಘದಂಡ ನಮಸ್ಕಾರ. ಮನುಷ್ಯಜಾತಿಯನ್ನು ಇಷ್ಟು ತಿಳಿಯದವರು ಮನುಷ್ಯರ ನಡುವೆಯೇ ಇದ್ದು ಪಿಂಚಣಿಯವರೆಗೆ ತಲುಪುವುದು ಸಾಮಾನ್ಯ ಸಾಧನೆಯಲ್ಲ. ಇಷ್ಟು ವರ್ಷ ಆ ಗೋಡೆಯ ಕಡೆ ತಲೆ ಎತ್ತದವರೂ ಈಗ ಪರದೆ ಎತ್ತಲು ಸಾಲು ನಿಂತಿದ್ದಾರೆ. ಹಜಾರದ ಬಾಗಿಲು ದಾಟಿ, ಮೆಟ್ಟಿಲು ಇಳಿದು, ಸೈಕಲ್ ನಿಲ್ಲಿಸುವ ಜಾಗದವರೆಗೆ ಸಾಲು. ಬಗ್ಗಿ ಒಳಗೆ ನುಗ್ಗುವುದು, ಕತ್ತಲಲ್ಲಿ ಗೋಡೆಗೆ ಮೂಗು ತಾಗಿಸುವುದು, ಕೆಮ್ಮುತ್ತ ಈಚೆ ಬರುವುದು. ಈಚೆ ಬಂದವರ ಮುಖ ನೋಡಬೇಕು. ಕದ್ದು ಮಾವು ತಿಂದವರ ಹಾಗೆ.

"ಏನಿದೆ ಒಳಗೆ?" ಎಂದು ಒಬ್ಬರನ್ನು ಕೇಳಿದೆ.

"ಬಾತುಕೋಳಿ," ಎಂದರು ಅವರು, ಪಿಸುಮಾತಿನಲ್ಲಿ, ಅತ್ತ ಇತ್ತ ನೋಡಿ.

ನಾನು ಹೋದದ್ದು ಅಕ್ಕನ ದೂರು ಎಲ್ಲಿಗೆ ಬಂತೆಂದು ವಿಚಾರಿಸಲು. ಕಿಂಡಿ ಎಲ್ಲಿ ಎಂದು ಹುಡುಕಿದೆ. ಪರದೆಯ ನಡುವೆ ಒಂದು ಉಬ್ಬು ಅಲ್ಲಾಡಿತು. ಅದರೊಳಗಿಂದ ಬಳೆ ತೊಟ್ಟ ಒಂದು ಕೈ ಹೊರಬಂದು ಗಾಳಿಯಲ್ಲಿ ಏನನ್ನೋ ತಡಕಿತು. ಹಿಂದೆಯೇ ಧ್ವನಿ: "ಯಾರದು? ಚಿತ್ರ ನೋಡೋರಾದ್ರೆ ಬಲಗಡೆಯಿಂದ ಎತ್ತಿ. ಎಡಗಡೆ ಎತ್ತಿದ್ರೆ ಬಟ್ಟೆ ಬಂದು ನನ್ನ ಟೀ ಒಳಗೆ ಬೀಳುತ್ತೆ."

"ದೂರಿನ ಬಗ್ಗೆ ಕೇಳೋಕೆ ಬಂದೆ ಮೇಡಂ."

"ಅಯ್ಯೋ ದೇವರೇ, ದೂರಾ? ಪರದೆ ಬಿದ್ದ ಮೇಲೆ ಒಬ್ಬರೂ ಬಂದಿಲ್ಲ ರೀ. ಊರಲ್ಲಿ ಎಲ್ಲ ಸರಿಹೋಯ್ತೇನೋ ಅಂದ್ಕೊಂಡಿದ್ದೆ!"

ಆ ಕೈಗೆ ನಾನು ದೂರಿನ ಸಂಖ್ಯೆ ಬರೆದ ಚೀಟಿ ಕೊಟ್ಟೆ. ಕೈ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೊರಬಂದು ಚೀಟಿಯನ್ನು ವಾಪಸು ಕೊಟ್ಟಿತು. ‘ಪರಿಶೀಲನೆಯಲ್ಲಿದೆ.’ ಆಯುಕ್ತರೇ, ಕತ್ತಲಲ್ಲಿ ಏನನ್ನು ಪರಿಶೀಲಿಸುತ್ತಿದ್ದೀರಿ? ಆಕೆಗೊಂದು ದೀಪವನ್ನಾದರೂ ಕೊಡಿ.

ಮನೆಯಲ್ಲಿ ನಮ್ಮದೂ ಒಂದು ಸಮಿತಿ ಇದೆ. ತಮ್ಮದಕ್ಕಿಂತ ಗದ್ದಲದ್ದು, ಆದರೆ ಬಣ್ಣದ ಚರ್ಚೆ ನಡೆಯುವುದಿಲ್ಲ. ಭಾವನ ನಿಲುವು ನೇರ: ಮನುಷ್ಯ ಕೆಟ್ಟವನು, ಅವನ ಕೈ ಕೆಟ್ಟದ್ದು, ಆ ಕೈ ಬರೆದದ್ದೂ ಕೆಟ್ಟದ್ದು. ಅಂಗಡಿಯಲ್ಲಿದ್ದ ಪ್ರತಿಯನ್ನು ಅವರು ಸುಡಲು ಹೊರಟಿದ್ದರು, ಅಕ್ಕ ತಡೆದಳು. ಸುಡುವಂತಿಲ್ಲ, ನೋಡುವಂತಿಲ್ಲ, ಕೊನೆಗೆ ಅದನ್ನು ಗೋಡೆಗೆ ಮುಖ ಮಾಡಿ ಬೆನ್ನು ಕಾಣುವ ಹಾಗೆ ತಿರುಗಿಸಿ ನೇತುಹಾಕಿದ್ದಾರೆ. ಈಗ ಗಿರಾಕಿಗಳಿಗೆ, "ಏನು ಕಾಣುತ್ತೆ ಹೇಳಿ," ಎಂದರೆ ಎಲ್ಲರೂ, "ರಟ್ಟು," ಎನ್ನುತ್ತಾರೆ. ಕನ್ನಡಕ ಇದ್ದವರೂ ರಟ್ಟು, ಇಲ್ಲದವರೂ ರಟ್ಟು. ವ್ಯಾಪಾರ ಮಣ್ಣುಪಾಲು.

ನನ್ನ ನಿಲುವು ಅಷ್ಟು ನೇರವಲ್ಲ. ಅಂಕಣಕಾರನಾದ್ದರಿಂದ ನನ್ನ ಬಳಿ ಯಾವುದೇ ವಿಷಯಕ್ಕೆ ನಾಲ್ಕಾರು ನಿಲುವುಗಳು ಸದಾ ಸಿದ್ಧವಿರುತ್ತವೆ. ಮೊದಲು, ಮನುಷ್ಯ ಬೇರೆ ಕೃತಿ ಬೇರೆ ಎಂದು ವಾದಿಸಿ ನೋಡಿದೆ. "ಹೌದಾ?" ಎಂದಳು ಅಕ್ಕ. "ಹಾಗಾದ್ರೆ ಸನ್ಮಾನಕ್ಕೆ ಗೋಡೆಗೇ ಹಾರ ಹಾಕಬಹುದಿತ್ತಲ್ಲ, ಅವನನ್ನ ಯಾಕೆ ಕರೆದ್ರು?" ಸರಿ, ಒಳ್ಳೆಯವರು ಬರೆದ ಚಿತ್ರಗಳನ್ನಷ್ಟೇ ನೋಡೋಣ ಎಂದೆ. ಹಾಗೆ ಸೋಸಿದರೆ ಊರಿನ ಗೋಡೆಗಳಲ್ಲಿ ಎಷ್ಟು ಉಳಿದಾವು, ಸೋಸುವವರು ಯಾರು, ಅವರನ್ನು ಸೋಸಿದವರು ಯಾರು ಎಂದು ನನಗೇ ದಿಗಿಲಾಯಿತು. ಕೊನೆಗೆ ನಡುದಾರಿ ಹಿಡಿದು, ಚಿತ್ರವನ್ನು ನೋಡೋಣ, ಆದರೆ ಖುಷಿಪಡದೆ ನೋಡೋಣ ಎಂದೆ. ಭಾವ ಕೂಡ ತಲೆಯಾಡಿಸಿದರು. ಅಕ್ಕ ಮಾತ್ರ ಕುಂಚ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಖುಷಿಪಡದೆ ನೋಡೋದು ಹೇಗೋ? ಮಾಡಿ ತೋರಿಸು." ನಾನು ಮುಖ ಗಂಟಿಕ್ಕಿ ಬಾತುಕೋಳಿಯನ್ನು ನೆನಪಿಸಿಕೊಂಡೆ. ತುಟಿ ತಾನಾಗಿ ಅರಳಿತು. "ನೋಡು ನೋಡು, ಕಳ್ಳ!" ಎಂದಳು.

ಆಮೇಲೆ ನನಗೊಂದು ಮಹದಾಲೋಚನೆ ಹೊಳೆಯಿತು. "ಅಕ್ಕಾ, ಆ ಚಿತ್ರ ನಿಜವಾಗಿ ಬರೆದದ್ದು ನೀವು ಹುಡುಗೀರೇ ಅಂತ ಬರೆದುಬಿಡಲಾ? ಆಗ ಎಲ್ಲರೂ ನಿಶ್ಚಿಂತೆಯಿಂದ ಖುಷಿಪಡಬಹುದು."

"ಸುಳ್ಳು ಯಾಕೆ ಬರೀತೀಯೋ? ನಾವು ಗೋಡೆ ಉಜ್ಜಿದ್ವಿ, ಬಣ್ಣ ಕಲಸಿದ್ವಿ, ನೀರು ತುಂಬಿದ್ವಿ, ಆಕಾಶ ತುಂಬಿದ್ವಿ. ಆಕಳಿಸೋನು, ಮುದುಕಿ, ನಿನ್ನ ಬಾತುಕೋಳಿ ಎಲ್ಲ ಅವನದೇ. ಚೆನ್ನಾಗಿ ಬರೀತಿದ್ದ ಕಣೋ. ಅದೇ ತಾನೇ ತೊಂದರೆ? ಕೆಟ್ಟದಾಗಿ ಬರೆದಿದ್ರೆ ಸುಣ್ಣ ಹೊಡೆದು ಮುಗಿಸ್ತಿದ್ರು, ನೀವಿಬ್ಬರೂ ಇಲ್ಲಿ ಕೂತು ನನ್ನ ತಲೆ ತಿಂತಿರಲಿಲ್ಲ." ಕುಂಚ ಎತ್ತಿಕೊಳ್ಳುತ್ತ ಮತ್ತೆ ಅವಳೇ ಹೇಳಿದಳು: "ಒಂದು ಮೋಡ ಮಾತ್ರ ನಂದು."

ಆ ಮೋಡದ ಕಥೆಯನ್ನು ತಮಗೆ ಹೇಳಲೇಬೇಕು. ಚಿತ್ರದ ಎಡಗಡೆಯ ಮೇಲ್ತುದಿಯಲ್ಲಿ, ನೆಟ್ಟಗೆ ತುಂಬಿದ ನೀಲಿ ಆಕಾಶದ ಮಧ್ಯೆ, ಒಂದು ಬಿಳಿ ಮೋಡ ಸೊಟ್ಟಗೆ, ಯಾರೋ ಗದರಿಸಿದ ಹಾಗೆ, ಓಡಿಹೋಗಿದೆ. ಉಳಿದ ಚಿತ್ರಕ್ಕೂ ಅದಕ್ಕೂ ತಾಳಮೇಳವಿಲ್ಲ. ಅದನ್ನು ಹೊಗಳದ ವಿಮರ್ಶಕರಿಲ್ಲ. ‘ಜಡಗೊಂಡ ಬದುಕಿನ ನೆತ್ತಿಯ ಮೇಲೆ ಅನಂತದ ಬಿಳಿ ಚೀತ್ಕಾರ’ ಎಂದು ಒಬ್ಬರು ಬರೆದರು. ಅದನ್ನು ತಮ್ಮ ನಗರಸಭೆಯ ಪ್ರವಾಸಿ ಕೈಪಿಡಿಯಲ್ಲಿ ಈಗಲೂ ಓದಬಹುದು. ಕಲಾವಿದರನ್ನೇ ಒಮ್ಮೆ ಸಂದರ್ಶನದಲ್ಲಿ ಕೇಳಿದಾಗ ಅವರು ಕಣ್ಣು ಮುಚ್ಚಿ, "ಆ ಮೋಡ ನನಗೆ ಧ್ಯಾನದಲ್ಲಿ ಹೊಳೆಯಿತು," ಎಂದಿದ್ದರು.

"ಧ್ಯಾನದಲ್ಲಲ್ಲ, ಪಕ್ಕೆಲುಬಲ್ಲಿ," ಎಂದಳು ಅಕ್ಕ.

ಗೋಡೆಯ ಮೇಲ್ಭಾಗ ಬರೆಯಲು ಅಟ್ಟಣಿಗೆ ಕಟ್ಟಿದ್ದರು. ಬಿದಿರು, ಹಗ್ಗ, ಎರಡು ಹಲಗೆ. ಅದರ ಮೇಲೆ ನಿಂತವರಿಗೆ ಎದುರು ಗೋಡೆ, ಹಿಂದೆ ಬಯಲು. ಹುಡುಗಿಯೊಬ್ಬಳು ಮೇಲೆ ಒಬ್ಬಳೇ ಇದ್ದಾಗ ಕಲಾವಿದರು ‘ಕೈ ತಿದ್ದುವುದಕ್ಕೆ’ ಹತ್ತಿ ಬರುತ್ತಿದ್ದರು. ನೆಲದ ಮೇಲಾದರೆ ಒಂದು ಹೆಜ್ಜೆ ಹಿಂದೆ ಸರಿಯಬಹುದು. ಅಲ್ಲಿ ಹಿಂದೆ ಸರಿಯಲು ಜಾಗವಿಲ್ಲ. ಅದು ಅವರಿಗೂ ಗೊತ್ತಿತ್ತು, ಗೊತ್ತಿದ್ದೇ ಹತ್ತುತ್ತಿದ್ದರು. ಒಂದು ಮಧ್ಯಾಹ್ನ ಅಕ್ಕ ಎಡಗೈಯಲ್ಲಿ ಬಿದಿರು ಹಿಡಿದು, ಬಲಗೈಯಲ್ಲಿ ಬಿಳಿ ಬಣ್ಣದ ಕುಂಚ ಇದ್ದ ಹಾಗೆಯೇ, ಮೊಣಕೈಯನ್ನು ಹಿಂದಕ್ಕೆ ಬಲವಾಗಿ ಬೀಸಿದಳು. ಅವರು ‘ಅಮ್ಮಾ’ ಎಂದು ಇಳಿದುಹೋದರು. ಕುಂಚ ಗೋಡೆಯ ಮೇಲೆ ಜಾರಿತು. ಅದೇ ಆ ಅನಂತದ ಚೀತ್ಕಾರ. ಚೀತ್ಕಾರ ಯಾರದೆಂಬುದರಲ್ಲಿ ಮಾತ್ರ ವಿಮರ್ಶಕರು ಎಡವಿದರು. ಮರುದಿನ ಅಕ್ಕನಿಗೆ ಕೆಲಸ ಇರಲಿಲ್ಲ. ಮೋಡವನ್ನು ಅಳಿಸಲು ಮತ್ತೆ ಮೇಲೆ ಹತ್ತುವ ಧೈರ್ಯ ಅವರಿಗೂ ಇರಲಿಲ್ಲವೆಂದು ಕಾಣುತ್ತದೆ.

"ಆಗಲೇ ಯಾಕೆ ದೂರು ಕೊಡಲಿಲ್ಲ?" ಎಂದು ಕೇಳಬಾರದೆಂದು ಗೊತ್ತಿದ್ದೂ ಭಾವ ಕೇಳಿದರು, ಬಹಳ ಮೆತ್ತಗೆ.

"ಎಲ್ಲಿ ಕೊಡ್ಲಿ ರೀ? ದೂರಿನ ಕಿಂಡಿ ಮುಂದೆ ಅಟ್ಟಣಿಗೆ ನಿಂತಿತ್ತು," ಎಂದಳು ಅಕ್ಕ. ಆಗ ಅಟ್ಟಣಿಗೆ, ಈಗ ಪರದೆ. ಆ ಕಿಂಡಿಯ ಹಣೆಬರಹವನ್ನು ಬರೆದವರು ಯಾವ ವಿಭಾಗದವರು, ಆಯುಕ್ತರೇ?

ಮೊನ್ನೆ ನಾವು ಮೂವರೂ ತಮ್ಮ ಹಜಾರಕ್ಕೆ ಬಂದೆವು. ಅಕ್ಕ ದೂರಿನ ನೆನಪೋಲೆ ಕೊಡಬೇಕಿತ್ತು. ಕೆಲಸ ಬಿಟ್ಟ ಮೇಲೆ ಅವಳು ಆ ಬಾಗಿಲು ತುಳಿದಿರಲಿಲ್ಲ. ದೂರನ್ನೂ ಅಂಚೆಯಲ್ಲೇ ಕಳಿಸಿದ್ದಳು. ಭಾವ ಬಾಗಿಲಲ್ಲೇ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಲೋಕಕ್ಕೆಲ್ಲ ಕಣ್ಣು ಕಾಣಿಸುವ ಮನುಷ್ಯ, ಆ ಗೋಡೆಯ ಒಂದು ಚೂರೂ ಕಣ್ಣಿಗೆ ಬೀಳಬಾರದೆಂದು, ಕಂಬಕ್ಕೆ ನಮಸ್ಕಾರ ಹೇಳುತ್ತ, ಕಸದ ಡಬ್ಬಿಗೆ ‘ಸ್ವಲ್ಪ ಜಾಗ ಬಿಡಿ’ ಎನ್ನುತ್ತ ಬರುತ್ತಿದ್ದರು. ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಅವಳ ಕಾಲು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಿತು. ತಲೆ ಎತ್ತಿದಳು. ಪರದೆ ನೋಡಿದಳು. ಪರದೆಗಿಂತ ಮೇಲೆ, ಏಣಿ ಎಟುಕದ ಎತ್ತರದಲ್ಲಿ, ನೋಡಿದಳು.

ಇಡೀ ಗೋಡೆಯಲ್ಲಿ ಕಾಣುತ್ತಿದ್ದದ್ದು ಅದೊಂದೇ. ಹೊಳೆಯಿಲ್ಲ, ದೋಣಿಯಿಲ್ಲ, ಬಾತುಕೋಳಿಯಿಲ್ಲ. ಒಂದು ಪಟ್ಟಿ ನೀಲಿ ಆಕಾಶ, ಅದರಲ್ಲಿ ಸೊಟ್ಟಗೆ ಓಡುತ್ತಿರುವ ಒಂದು ಬಿಳಿ ಮೋಡ.

"ಲೋ," ಎಂದಳು. "ಲೋ, ನನ್ನ ಮೋಡ ಮಾತ್ರ ಬಿಟ್ಟಿದ್ದಾರೆ ಕಣೋ!"

ಅಷ್ಟೇ. ನಗು ಶುರುವಾಯಿತು. ಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದಳು, ಆಮೇಲೆ ಸೆರಗು ಸಾಲದಾಯಿತು, ಆಮೇಲೆ ಬೆಂಚಿನ ಮೇಲೆ ಕೂತುಬಿಟ್ಟಳು. ನನಗೂ ಹತ್ತಿತು. ಚಿತ್ರ ನೋಡಲು ಸಾಲಿನಲ್ಲಿದ್ದವರಿಗೆ ಕಾರಣ ಗೊತ್ತಿಲ್ಲದಿದ್ದರೂ ಹತ್ತಿತು. ಹಜಾರಕ್ಕೆ ಹಜಾರವೇ ನಗುತ್ತಿದ್ದರೆ, ಪರದೆಯೊಳಗಿನ ಕೈ ಹೊರಗೆ ಬಂದು ಗಾಬರಿಯಿಂದ ಆಡಿತು. "ಏನಾಯ್ತು? ಏನಾಯ್ತು ರೀ? ನನಗೂ ಹೇಳ್ರೀ, ಒಳಗೆ ಏನೂ ಕಾಣಲ್ಲ!" ಕೊನೆಗೆ ತಡೆಯಲಾರದೆ ಮೇಡಂ ತಾವೇ ಪರದೆ ಹೊದ್ದುಕೊಂಡಂತೆ, ಕೂದಲು ಕೆದರಿಕೊಂಡು, ಹೊರಗೆ ಬಂದರು. ಅಕ್ಕ ಕಣ್ಣೊರೆಸಿಕೊಂಡು ಮೇಲೆ ಬೆರಳು ತೋರಿಸಿದಳು. ಆ ಮೋಡ ಹೇಗೆ ಬಂತೆಂದು ಎರಡೇ ಮಾತಿನಲ್ಲಿ ಹೇಳಿದಳು.

ಎಲ್ಲರ ಕುತ್ತಿಗೆಯೂ ಮೇಲಕ್ಕಿತ್ತು. ಸಾಲಿನಲ್ಲಿದ್ದ ಒಬ್ಬ ಅಜ್ಜಿ ಬಹಳ ಹೊತ್ತು ನೋಡಿ, ತೂಗಿ ಅಳೆದು ತೀರ್ಪು ಕೊಟ್ಟರು: "ಒಳ್ಳೇ ಏಟು ಬಿಡಮ್ಮ. ಇನ್ನೂ ಸ್ವಲ್ಪ ಉದ್ದ ಎಳೀಬೇಕಿತ್ತು." ಮತ್ತೆ ನಗು. ಈ ಸಲ ಕಾರಣ ಗೊತ್ತಿದ್ದು.

ಭಾವ ಜೇಬಿನಿಂದ ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. ನೋಡಿದರು. ಅಕ್ಕನ ಭುಜದ ಮೇಲೆ ಕೈ ಇಟ್ಟು ನಿಂತರು.

ಮೇಡಂ ತಮ್ಮ ಕರ್ತವ್ಯ ಮರೆಯುವವರಲ್ಲ. ಕೂದಲು ಸರಿಮಾಡಿಕೊಂಡು ಕೇಳಿದರು: "ಸರಿ, ತಾವು ಬಂದಿದ್ದು ಚಿತ್ರ ನೋಡೋಕಾ, ದೂರಿಗಾ?"

"ಎರಡಕ್ಕೂ," ಎಂದಳು ಅಕ್ಕ.

"ಎರಡಕ್ಕೂ ಒಂದೇ ಸಾಲು," ಎಂದರು ಮೇಡಂ.

ಆಯುಕ್ತರೇ, ನಾನು ತಿಂಗಳಿಂದ ತಲೆ ಕೆಡಿಸಿಕೊಂಡ ಪ್ರಶ್ನೆಗೆ ಉತ್ತರ ಅಕ್ಕನ ‘ಎರಡಕ್ಕೂ’ ಎಂಬ ಆ ಒಂದು ಪದದಲ್ಲಿತ್ತು. ಚಿತ್ರ ನೋಡಬೇಕೋ ದೂರು ಕೇಳಬೇಕೋ ಎಂದು ಆರಿಸಿಕೊಳ್ಳಲು ಹೇಳಿದವರು ತಾವು. ದೂರು ಕೊಟ್ಟವಳು ಹಾಗೆ ಹೇಳಲೇ ಇಲ್ಲ. ಅವಳು ಸಾಲಿನಲ್ಲಿ ನಿಂತಳು. ಸರದಿ ಬಂದಾಗ ನೆನಪೋಲೆ ಕೊಟ್ಟಳು. ಆಮೇಲೆ ಬಲಗಡೆಯಿಂದ, ಮೇಡಂ ಅವರ ಟೀ ಕೆಡದಂತೆ, ಪರದೆ ಎತ್ತಿ ಒಳಗೆ ಹೋದಳು. ಎಷ್ಟೋ ಹೊತ್ತಿನ ಮೇಲೆ ಈಚೆ ಬಂದಳು. ಅವಳ ಕಣ್ಣು ಕೆಂಪಾಗಿತ್ತು, ತುಟಿಯ ತುದಿ ಅರಳಿತ್ತು. "ಆ ಮೇಕೆ ಇನ್ನೂ ಶಾಲು ತಿಂತಾನೇ ಇದೆ ಕಣೋ," ಎಂದಳು. ಖುಷಿಪಟ್ಟಳೋ ಇಲ್ಲವೋ ನಾನು ಕೇಳಲಿಲ್ಲ. ಅದು ಅವಳ ಸ್ವಂತ ಜವಾಬ್ದಾರಿ.

ನಾನು ಇನ್ನು ಮುಂದೆ ಆ ಬಾತುಕೋಳಿಯನ್ನು ನೋಡಿ ಮೊದಲಿನ ಹಾಗೆ ನಗಬಲ್ಲೆನೇ? ಇಲ್ಲ. ನಗುವೆನೇ? ಹೌದು, ಆದರೆ ನಕ್ಕ ಮೇಲೆ ತಲೆ ಎತ್ತಿ ಮೋಡವನ್ನೂ ನೋಡುತ್ತೇನೆ. ಭಾವ ಆ ಪ್ರತಿಯನ್ನು ಮತ್ತೆ ಮುಂದಕ್ಕೆ ತಿರುಗಿಸಿದ್ದಾರೆ, ರಟ್ಟು ಬಿಚ್ಚಿ, ಮೋಡವಷ್ಟೇ ಕಾಣುವಂತೆ ಉಳಿದದ್ದನ್ನು ಹಿಂದಕ್ಕೆ ಮಡಿಸಿ. ಗಿರಾಕಿಗೆ ಕನ್ನಡಕ ಏರಿಸಿ, "ಏನು ಕಾಣುತ್ತೆ?" ಎಂದು ಕೇಳುತ್ತಾರೆ. ಬಹಳ ಜನ, "ಏನೋ ಸೊಟ್ಟಗಿದೆ," ಎನ್ನುತ್ತಾರೆ. "ಸರಿಯಾಗಿದೆ ನಿಮ್ಮ ಕಣ್ಣು," ಎನ್ನುತ್ತಾರೆ ಭಾವ. ನನ್ನ ಮಗಳಿಗೆ ಈ ಯಾವ ಏರ್ಪಾಡೂ ಒಪ್ಪಿಗೆಯಿಲ್ಲ. ಇಡೀ ಗೋಡೆಗೆ ಸುಣ್ಣ ಬಳಿದು ಮೋಡ ಒಂದನ್ನೇ ಬಿಡಬೇಕು ಎನ್ನುತ್ತಾಳೆ. ಅವಳಿಗೂ ನನಗೂ ಊಟದ ಹೊತ್ತಿನಲ್ಲಿ ಜಗಳ ನಡೆದೇ ಇದೆ. ನಡೆಯಲಿ. ಯಾವುದನ್ನು ನೋಡಿ ಖುಷಿಪಡಬೇಕು, ಎಷ್ಟು ಪಡಬೇಕು, ಪಟ್ಟ ಮೇಲೆ ಹೇಗೆ ನಿದ್ದೆ ಮಾಡಬೇಕು ಎಂಬುದನ್ನು ನಾವು ನಾವೇ ಹೊಡೆದಾಡಿಕೊಂಡು ನೋಡಿಕೊಳ್ಳುತ್ತೇವೆ. ಅದಕ್ಕೆ ತಮ್ಮ ಪರದೆ ಬೇಡ. ನಮ್ಮ ಕೈಲಾಗದ ಕೆಲಸ ಒಂದೇ ಒಂದು, ದೂರು ಕೇಳಿ ವಿಚಾರಣೆ ಮಾಡುವುದು. ದುರದೃಷ್ಟವಶಾತ್ ಅದು ತಮ್ಮ ಕೆಲಸ. ತಾವು ನಮ್ಮ ಕೆಲಸವನ್ನು ಇಷ್ಟು ಉತ್ಸಾಹದಿಂದ ಮಾಡುತ್ತಿರುವಾಗ ಹೇಳಲು ಸಂಕೋಚವಾಗುತ್ತದೆ, ಆದರೂ ಒಮ್ಮೆ ಬದಲಿಸಿಕೊಂಡರೆ ಹೇಗೆ?

ಆದ್ದರಿಂದ ಬೇಡಿಕೆ. ಪರದೆ ಇಳಿಸಿ. ಮೇಸ್ತ್ರಿಗೆ ಈ ಸಲ ‘ಇಳಿಸುವುದು, ಮಡಚುವುದು, ಒಯ್ಯುವುದು’ ಎಂದು ಮೂರನ್ನೂ ಆದೇಶದಲ್ಲಿ ಬರೆಯಿರಿ. ಇಲ್ಲದಿದ್ದರೆ ಅದು ಕಿಂಡಿಯ ಎದುರೇ ರಾಶಿ ಬೀಳುತ್ತದೆ. ಆ ಮೂವರನ್ನು ಕರೆಯಿರಿ, ಕಲಾವಿದರನ್ನೂ ಕರೆಯಿರಿ. ಅವರು ಬರುವ ಮೊದಲು ಸಮಿತಿಯ ಸದಸ್ಯರೆಲ್ಲ ಹಜಾರದ ಮುಂಬಾಗಿಲಿನಿಂದ ಒಮ್ಮೆ ಒಳಗೆ ಬಂದು ತಲೆ ಎತ್ತಿ ನೋಡಲಿ. ಹೆಂಗಸರನ್ನು ಕಿಂಡಿಯ ಮುಂದೆ ನಿಲ್ಲಿಸಬೇಡಿ. ಕುರ್ಚಿ ಹಾಕಿ, ಬಾಗಿಲು ತೆರೆದಿಡಿ. ಕೋಣೆ ದೊಡ್ಡದಿರಲಿ. ಮಾತಾಡುವವಳಿಗೆ ಬೇಕೆನಿಸಿದರೆ ಒಂದು ಹೆಜ್ಜೆ ಹಿಂದೆ ಸರಿಯಲು ಜಾಗವಿರಲಿ. ಅಕ್ಕ ಇಷ್ಟು ವರ್ಷ ಕಾದದ್ದು ಆ ಒಂದು ಹೆಜ್ಜೆಯ ಜಾಗಕ್ಕಾಗಿ.

ಇಂತಿ,
ಪರದೆಯ ಈಚೆ ಸಾಲಿನಲ್ಲಿ ನಿಂತು, ಒಂದು ಕೈಗೆ ಚೀಟಿ ಕೊಟ್ಟು, ಅದು ಮರಳಿ ಬರುವುದನ್ನು ಕಾಯುತ್ತಿರುವ,
ಮೋಡ ಬರೆದವಳ ತಮ್ಮ